ಡ್ರೈನ್ ಕ್ಲೀನಿಂಗ್ ಕೇಬಲ್ ಕಿಟ್: ಹಳೆಯ ಕಾರಿನಲ್ಲಿ ನಾಲ್ಕು ವರ್ಷಗಳ ಬಳಕೆಯ ನಂತರ

ನನ್ನ ಬಳಿ ಇರುವುದು ಸನ್‌ರೂಫ್ ಇರುವ, 14 ವರ್ಷ ಹಳೆಯದಾದ ಸೆಡಾನ್ ಕಾರು. ಅದರ ಮೈಯೊಳಗೆ ಹರಿಯುವ ಮಳೆನೀರಿನ ದಾರಿಗಳನ್ನು ಶುಚಿಯಾಗಿಡಲು ಕಳೆದ 4 ವರ್ಷಗಳಿಂದ ಒಂದು ಡ್ರೈನ್ ಕ್ಲೀನಿಂಗ್ ಕೇಬಲ್ ಕಿಟ್ಟನ್ನು ಬಳಸುತ್ತಿದ್ದೇನೆ. ಕಿಟ್ಟಿನಲ್ಲಿ ಸುಮಾರು 2 ಮೀಟರ್ ಉದ್ದದ ಬಾಗುವ ಕೇಬಲ್, ಅದರ ತುದಿಗೆ ನೈಲಾನ್ ಎಳೆಗಳ ಸಣ್ಣ ಬ್ರಷ್, ಕೈಯಲ್ಲಿ ಹಿಂಡಿ ನೀರು ಚಿಮ್ಮಿಸುವ ರಬ್ಬರ್ ಪಂಪು ಮತ್ತು ಮೂರು ಗಿಡ್ಡ ಬ್ರಷ್‌ಗಳಿದ್ದವು. ಇಂತಹ ಕಿಟ್ಟುಗಳು ಬೇರೆ ಬೇರೆ ಹೆಸರಿನಲ್ಲಿ, ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಸಿಗುವುದರಿಂದ ಇಲ್ಲಿ ತಯಾರಕರ ಹೆಸರಿಗಿಂತ ಬಳಕೆಯ ವಿವರಕ್ಕೇ ಒತ್ತು ಕೊಟ್ಟಿದ್ದೇನೆ.

ಕಿಟ್ ಕೊಳ್ಳಬೇಕಾಗಿ ಬಂದದ್ದು ಮುಂದಿನ ಎಡ ಸೀಟಿನ ಕಾಲಡಿಯಲ್ಲಿ ನೀರು ಸೇರಿದಾಗ. ಅದಕ್ಕೂ ಕೆಲವು ವಾರಗಳ ಹಿಂದಿನಿಂದಲೇ ಬೆಳಗಿನ ಹೊತ್ತು ಗಾಜುಗಳು ಒಳಗಿನಿಂದ ಮಂಜು ಹಿಡಿದಿರುತ್ತಿದ್ದವು. ಅದು ಒಳಗೆಲ್ಲೋ ನೀರು ನಿಂತಿರುವುದರ ಮೊದಲ ಸೂಚನೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಮುಗ್ಗಲು ವಾಸನೆ ಶುರುವಾಯಿತು. ಮ್ಯಾಟ್ ತೆಗೆದು ಅಂಗೈಯಿಂದ ಸವರಿದರೆ ಕಾರ್ಪೆಟ್ ಒಣಗಿದಂತೆಯೇ ಇತ್ತು. ಮುಷ್ಟಿ ಬಿಗಿದು ಬಲವಾಗಿ ಅದುಮಿದಾಗ ಮಾತ್ರ ಬೆರಳಿನ ಗೆಣ್ಣುಗಳ ಸುತ್ತ ಕಂದು ನೀರು ಉಕ್ಕಿ ಬಂತು. ಕಾರ್ಪೆಟ್ಟಿನ ಅಡಿಯಲ್ಲಿರುವ ದಪ್ಪ ಫೋಮು ನೀರನ್ನು ಸ್ಪಂಜಿನಂತೆ ಹೀರಿಕೊಂಡು, ಮೇಲ್ಮೈ ಒಣಗಿದ ಮೇಲೂ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಇರುವುದು ನೆಲದ ತಗಡು. ಅನೇಕ ಕಾರುಗಳಲ್ಲಿ ಅಲ್ಲಿಯೇ ವೈರಿಂಗ್ ಕಟ್ಟುಗಳೂ ಸೀಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇರುತ್ತವೆ.

ಕಾರನ್ನು ತೋರಿಸಿದ ಗ್ಯಾರೇಜಿನಲ್ಲಿ ಸನ್‌ರೂಫ್ ಗಾಜಿನ ರಬ್ಬರ್ ಸವೆದಿದೆ ಎಂದು ಹೇಳಿ ಅಂಚಿನ ಸುತ್ತ ಸೀಲಂಟ್ ಬಳಿದುಕೊಟ್ಟರು. ಮುಂದಿನ ದೊಡ್ಡ ಮಳೆಗೆ ನೀರು ಮತ್ತೆ ಅದೇ ಜಾಗಕ್ಕೆ ಬಂತು. ಗಾಜು ತೆರೆಯುವುದೂ ಕಷ್ಟವಾಯಿತು. ಆ ಸೀಲಂಟನ್ನು ಕೆರೆದು ತೆಗೆಯಲು ನನಗೆ ಒಂದು ಇಡೀ ದಿನ ಹಿಡಿಯಿತು. ಇದನ್ನು ವಿವರವಾಗಿ ಹೇಳುತ್ತಿರುವುದು ನೀರು ಬಂದರೆ ರಬ್ಬರಿನದೇ ದೋಷ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇರುವುದರಿಂದ. ಸನ್‌ರೂಫಿನ ರಬ್ಬರ್ ಹೆಚ್ಚಿನ ನೀರನ್ನು ತಡೆಯುತ್ತದೆಯೇ ಹೊರತು ಪೂರ್ತಿ ನೀರನ್ನಲ್ಲ, ಮತ್ತು ಅದನ್ನು ರೂಪಿಸುವಾಗಲೇ ಆ ಲೆಕ್ಕ ಇಟ್ಟುಕೊಂಡಿರುತ್ತಾರೆ. ರಬ್ಬರ್ ದಾಟಿ ಬಂದ ನೀರು ಗಾಜಿನ ಸುತ್ತಲಿನ ತೊಟ್ಟಿಯಂತಹ ಚೌಕಟ್ಟಿಗೆ ಇಳಿದು, ಅದರ ಮೂಲೆಗಳಲ್ಲಿರುವ ತೂತುಗಳ ಮೂಲಕ ತೆಳುವಾದ ಕೊಳವೆಗಳನ್ನು ಸೇರುತ್ತದೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಅಕ್ಕಪಕ್ಕದ ಪಿಲ್ಲರ್‌ಗಳೊಳಗಿಂದ (ಛಾವಣಿಯನ್ನು ಹೊತ್ತ ಕಂಬಗಳೊಳಗಿಂದ) ಇಳಿದು ಬಾಗಿಲ ಕೀಲಿನ ಬಳಿಯೋ ಮಡ್‌ಗಾರ್ಡಿನ ಒಳಗೋ ತೆರೆದುಕೊಳ್ಳುತ್ತವೆ. ಹಿಂದಿನವು ಹಿಂಬದಿಯ ಪಿಲ್ಲರ್‌ಗಳಿಂದ ಇಳಿದು ಹಿಂಚಕ್ರದ ಕಮಾನಿನ ಅಥವಾ ಬಂಪರಿನ ಹಿಂದೆ ಹೊರಬೀಳುತ್ತವೆ. ಚೌಕಟ್ಟಿಗೆ ನೀರು ಬರುವುದು ದೋಷವಲ್ಲ. ಬಂದ ನೀರಿಗೆ ಹೋಗಲು ದಾರಿಯಿಲ್ಲದಿರುವುದೇ ದೋಷ. ಆಗ ತೊಟ್ಟಿ ತುಂಬಿ, ಛಾವಣಿಯ ಒಳಹೊದಿಕೆಯನ್ನು ನೆನೆಸಿ, ಪಿಲ್ಲರಿನ ಒಳಬದಿಯಲ್ಲಿ ಸದ್ದಿಲ್ಲದೆ ಇಳಿದು ಕಾರ್ಪೆಟ್ಟಿನಡಿ ಸೇರುತ್ತದೆ.

ಪರೀಕ್ಷೆ ಸುಲಭ. ಸನ್‌ರೂಫ್ ತೆರೆದು, ಮೂಲೆಯ ತೂತು ಕಾಣುವಂತೆ ಮಾಡಿಕೊಂಡು, ಒಂದು ಲೋಟ ನೀರನ್ನು ಮೆಲ್ಲಗೆ ಸುರಿಯಬೇಕು. ಇನ್ನೊಬ್ಬರು ಕೆಳಗೆ ಕುಳಿತು ಅದು ಹೊರಬರುವುದನ್ನು ನೋಡುತ್ತಿರಬೇಕು. ತೆರೆದಿರುವ ಕೊಳವೆಯಲ್ಲಿ ನೀರು ಕೆಲವೇ ಕ್ಷಣಗಳಲ್ಲಿ ಸಣ್ಣ ಧಾರೆಯಾಗಿ ಬೀಳುತ್ತದೆ. ನನ್ನ ಕಾರಿನ ಮುಂದಿನ ಎಡಮೂಲೆಯಲ್ಲಿ ಸುರಿದ ನೀರು ಕೆರೆಯಂತೆ ನಿಂತುಬಿಟ್ಟಿತು, ಕೆಳಗೆ ಒಂದು ಹನಿಯೂ ಬರಲಿಲ್ಲ.

ಕಿಟ್ ನಿಜಕ್ಕೂ ಕೆಲಸಕ್ಕೆ ಬಂದದ್ದು ಇಲ್ಲಿ. ಕೇಬಲ್ ಉಕ್ಕಿನದಾದರೂ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಕೊಳವೆಯ ಗೋಡೆಗೆ ಗೀರು ಬೀಳುವುದಿಲ್ಲ, ಬಾಗುಗಳಲ್ಲಿ ತಾನೇ ಹೊರಳಿಕೊಂಡು ಮುಂದೆ ಸಾಗುತ್ತದೆ. ಬೆರಳುಗಳ ನಡುವೆ ತಿರುಗಿಸುತ್ತ, ಒಂದೊಂದು ಅಂಗುಲವಾಗಿ ಒಳಗೆ ಬಿಡಬೇಕು. ತಡೆ ಸಿಕ್ಕಲ್ಲಿ ಒತ್ತಬಾರದು. ಸ್ವಲ್ಪ ಹಿಂದಕ್ಕೆ ಎಳೆದು, ತಿರುಗಿಸಿ, ಮತ್ತೆ ಬಿಡಬೇಕು. ಸುಮಾರು ಅರ್ಧ ದಾರಿಯಲ್ಲಿ ನನ್ನ ಕೈಗೆ ಮೆತ್ತಗಿನ ತಡೆಯೊಂದು ತಾಗಿತು. ಐದಾರು ಬಾರಿ ಹಿಂದೆ ಮುಂದೆ ಆಡಿಸಿ ಹೊರಗೆ ಎಳೆದಾಗ ಬ್ರಷ್ಷಿನ ಜೊತೆ ಬಂದದ್ದು ಕಿರುಬೆರಳಿನ ಉದ್ದದ ಕಪ್ಪು ಕೆಸರಿನ ಬತ್ತಿ. ಅದರಲ್ಲಿ ಎಲೆಯ ತೊಟ್ಟುಗಳು, ಪರಾಗದ ಧೂಳು, ಒಂದು ಸತ್ತ ಕೀಟ ಎಲ್ಲವೂ ಒಟ್ಟಿಗೆ ಹೆಪ್ಪುಗಟ್ಟಿದ್ದವು. ರಬ್ಬರ್ ಪಂಪಿನಿಂದ ಬೆಚ್ಚಗಿನ ನೀರು ಬಿಟ್ಟ ಮೇಲೆ ಮೊದಲು ಕಪ್ಪಾಗಿ, ನಂತರ ಕಂದಾಗಿ, ಕೊನೆಗೆ ತಿಳಿಯಾಗಿ ನೀರು ಹೊರಬಂತು. ಸೀಟುಗಳನ್ನು ಬಿಚ್ಚಿ, ಕಾರ್ಪೆಟ್ ಎತ್ತಿ, ಫೋಮನ್ನು ಪೂರ್ತಿ ಒಣಗಿಸಲು ಮತ್ತೆ ಒಂದು ವಾರ ಬೇಕಾಯಿತು. ಕಾರ್ಪೆಟ್ ಎತ್ತದೆ ಬರೀ ಕಿಟಕಿ ತೆರೆದಿಟ್ಟು ಒಣಗಿಸುತ್ತೇವೆ ಎನ್ನುವವರಿಗೆ ಆ ವಾಸನೆ ಬಿಟ್ಟುಹೋಗುವುದಿಲ್ಲ.

ಗಾಳಿಯ ಒತ್ತಡದಿಂದ ಊದಿ ತೆಗೆಯುವ ವಿಧಾನವನ್ನು ಹಲವರು ಸೂಚಿಸುತ್ತಾರೆ. ಹಳೆಯ ಕಾರಿನಲ್ಲಿ ಇದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಕೊಳವೆಯು ಚೌಕಟ್ಟಿನ ಮೂಲೆಯ ಮೂತಿಗೆ ಸಾಮಾನ್ಯವಾಗಿ ಬಿಗಿಯಾಗಿ ಸಿಕ್ಕಿಸಿರುವುದಷ್ಟೇ. ವರ್ಷಗಳು ಕಳೆದಂತೆ ಗಟ್ಟಿಯಾದ ರಬ್ಬರ್ ಆ ಹಿಡಿತವನ್ನು ಕಳೆದುಕೊಂಡಿರುತ್ತದೆ. ಕಂಪ್ರೆಸರಿನ ಗಾಳಿ ಬಿಟ್ಟಾಗ ಕಸದ ಬದಲು ಕೊಳವೆಯೇ ಮೂತಿಯಿಂದ ಕಳಚಿಕೊಂಡರೆ, ಮುಂದಿನ ಮಳೆಯ ನೀರೆಲ್ಲ ನೇರವಾಗಿ ಛಾವಣಿಯ ಒಳಹೊದಿಕೆಗೆ ಬೀಳುತ್ತದೆ, ಸರಿಪಡಿಸಲು ಆ ಹೊದಿಕೆಯನ್ನೇ ಇಳಿಸಬೇಕಾಗುತ್ತದೆ. ಅದಕ್ಕಿಂತ ಕೆಳತುದಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಹೀರಿಸುವುದು ಎಷ್ಟೋ ಸುರಕ್ಷಿತ. ಹೊದಿಕೆಯಿಲ್ಲದ ಉಕ್ಕಿನ ತಂತಿಯನ್ನೂ ತೂರಿಸಬಾರದು, ಅದು ಕೊಳವೆಯನ್ನು ಒಳಗೇ ಸೀಳುತ್ತದೆ. ಪಿಲ್ಲರಿನ ಮುಚ್ಚಳ ಬಿಚ್ಚಬೇಕಾದ ಸಂದರ್ಭ ಬಂದರೆ, ಕಿಟಕಿಗಳ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಕೆಲಸವನ್ನು ಬಲ್ಲವರಿಗೆ ಬಿಡುವುದೇ ಸರಿ.

ಕಿಟ್ಟಿನ ಮೊದಲ ಕೊರತೆ ಕಂಡದ್ದು ಕೊಳವೆಯ ಕೆಳತುದಿಯಲ್ಲಿ. ಅಲ್ಲಿ ಬಾತುಕೋಳಿಯ ಕೊಕ್ಕಿನಂತೆ ಸೀಳಿರುವ ರಬ್ಬರ್ ತುಟಿ ಇರುತ್ತದೆ. ನೀರನ್ನು ಹೊರಬಿಟ್ಟು, ಹೊರಗಿನ ಧೂಳು ಮತ್ತು ಕೀಟಗಳನ್ನು ತಡೆಯುವುದು ಅದರ ಕೆಲಸ. ಹಳೆಯದಾದಂತೆ ಈ ತುಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಿಂದೆ ಕೆಸರು ಕಟ್ಟುತ್ತದೆ. ಕಿಟ್ಟಿನ ಬ್ರಷ್ ಈ ಸೀಳಿನಲ್ಲಿ ಹಾಯಲಾರದಷ್ಟು ದಪ್ಪ. ಬಲವಂತ ಮಾಡಿದರೆ ತುಟಿಯೇ ಕೊಳವೆಯಿಂದ ಕಳಚಿ ಬೀಳಬಹುದು. ಹೀಗಾಗಿ ಕೆಳಗಿನಿಂದ ಬೆರಳಲ್ಲಿ ಹಿಸುಕಿ ತೆರೆದು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಬಳಸುವ 2 ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು, ತುದಿಯನ್ನು ಬಿಸಿಮಾಡಿ ಉರುಟಾಗಿಸಿಕೊಂಡು, ಒಳಗೆ ಆಡಿಸುವ ಅಭ್ಯಾಸ ಮಾಡಿಕೊಂಡೆ. ತುಟಿಯನ್ನು ಕತ್ತರಿಸಿ ಎಸೆಯಿರಿ ಎಂಬ ಸಲಹೆಯೂ ಕೇಳಿಬರುತ್ತದೆ. ನೀರು ಸರಾಗವಾಗಿ ಹೋಗುತ್ತದೆ ನಿಜ, ಆದರೆ ಹಾಗೆ ತೆರೆದ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿದರೆ ಮೊದಲಿದ್ದ ಸ್ಥಿತಿಗೇ ಮರಳಿದಂತೆ, ನಾನು ಕತ್ತರಿಸಿಲ್ಲ.

ಸನ್‌ರೂಫ್ ಇಲ್ಲದ ಕಾರಿನವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು. ವೈಪರ್‌ಗಳ ಬುಡದಲ್ಲಿರುವ ಪ್ಲಾಸ್ಟಿಕ್ ಜಾಲರಿಯ ಕೆಳಗಿನ ಅಗಲವಾದ ಕಾಲುವೆ ಹೆಚ್ಚುಕಡಿಮೆ ಎಲ್ಲ ಕಾರುಗಳಲ್ಲೂ ಇದೆ, ಮುಂಗಾಜಿನ ಹೆಚ್ಚಿನ ನೀರು ಅಲ್ಲಿಗೇ ಇಳಿಯುತ್ತದೆ. ಹೊರಗಿನ ಗಾಳಿಯನ್ನು ಬ್ಲೋವರಿಗೆ (ಕಾರಿನೊಳಗೆ ಗಾಳಿ ಊದುವ ಫ್ಯಾನಿಗೆ) ಎಳೆದುಕೊಳ್ಳುವ ಬಾಯಿಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕಾಲುವೆಯ ಎರಡು ತುದಿಯ ತೂತುಗಳು ಎಲೆಯಿಂದ ಮುಚ್ಚಿಹೋದರೆ ನೀರಿನ ಮಟ್ಟ ಆ ಬಾಯಿಯವರೆಗೆ ಏರಿ, ಕ್ಯಾಬಿನ್ ಫಿಲ್ಟರನ್ನೂ ಬ್ಲೋವರ್ ಮೋಟಾರನ್ನೂ ನೆನೆಸಿ ಡ್ಯಾಶ್‌ಬೋರ್ಡಿನ ಅಡಿಯಿಂದ ಒಳಗೆ ಸುರಿಯುತ್ತದೆ. ನಾನು ಮೊದಲ ಬಾರಿ ಆ ಜಾಲರಿ ತೆಗೆದಾಗ ಒಳಗೆ ಎರಡು ಬೊಗಸೆಯಷ್ಟು ಕೊಳೆತ ಎಲೆ ಗೊಬ್ಬರವಾಗಿ ಕುಳಿತಿತ್ತು. ಅದರಲ್ಲಿ ಬೀಜವೊಂದು ಮೊಳೆತು, ಬಿಸಿಲು ಕಾಣದ ಬಿಳಿಚಿದ ಎರಡು ಎಲೆ ಬಿಟ್ಟಿತ್ತು. ಇಲ್ಲಿ ಕೇಬಲ್ ಬೇಕಿಲ್ಲ. ಕೈಯಿಂದ ಬಾಚಿ ತೆಗೆದು, ಕಿಟ್ಟಿನ ಗಿಡ್ಡ ಬ್ರಷ್ಷಿನಿಂದ ತೂತು ಬಿಡಿಸಿದರೆ ಸಾಕು. ಎಲೆಯನ್ನು ನೀರು ಹೊಡೆದು ತೂತಿನೊಳಕ್ಕೆ ತಳ್ಳುವುದು ಮಾತ್ರ ತಪ್ಪು.

ಅದೇ ಗಿಡ್ಡ ಬ್ರಷ್ ಬಾಗಿಲುಗಳ ಕೆಳ ಅಂಚಿನ ಸೀಳುಗಳಿಗೂ, ಡಿಕ್ಕಿಯ ಸುತ್ತಲಿನ ಗಟಾರಿಗೂ ಸರಿಹೋಗುತ್ತದೆ. ಇಳಿಸುವ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಕೆಳಗಿಂದ ಹೊರಹೋಗಲೇಬೇಕು; ಬಾಗಿಲು ತೆರೆದು ಮುಚ್ಚುವಾಗ ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಸೀಳುಗಳು ಮುಚ್ಚಿವೆ ಎಂದೇ ಅರ್ಥ. ತುಕ್ಕು ತಡೆಯಲು ಅಡಿಭಾಗಕ್ಕೆ ಲೇಪನ ಹಾಕಿಸಿದವರು ಈ ಸೀಳುಗಳನ್ನೂ, ಬಾಗಿಲ ಕೆಳಗಿನ ಪಟ್ಟಿಯ ತೂತುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಲೇಪನವೇ ಅವುಗಳನ್ನು ಮುಚ್ಚಿದ್ದರೆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಗುಳ್ಳೆಯೇಳುವ ವೇಳೆಗೆ ಬಹಳ ತಡವಾಗಿರುತ್ತದೆ.

ಕಾಲಡಿಯ ನೀರೆಲ್ಲ ಮಳೆಯದೇ ಆಗಿರಬೇಕೆಂದಿಲ್ಲ. ಮಳೆಯಿಲ್ಲದ ದಿನ, ಏಸಿ ಹಾಕಿ ದೂರ ಹೋದ ಮೇಲೆ ತಿಳಿನೀರು ಕಂಡರೆ ಏಸಿಯ ನೀರು ಹೊರಬಿಡುವ ಕೊಳವೆ ಕಟ್ಟಿದೆಯೇ ಎಂದು ನೋಡಬೇಕು. ನೀರು ಅಂಟಂಟಾಗಿದ್ದು, ಸಿಹಿ ವಾಸನೆಯಿದ್ದರೆ ಅದು ಹೀಟರಿನಿಂದ ಸೋರಿದ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಈ ಕಿಟ್ಟಿನಿಂದ ಅದಕ್ಕೆ ಪರಿಹಾರವಿಲ್ಲ.

ನಾಲ್ಕು ವರ್ಷಗಳಲ್ಲಿ ಕೇಬಲ್ ಬಾಗಿ ಮುರಿದಿಲ್ಲ, ತುಕ್ಕೂ ಹಿಡಿದಿಲ್ಲ. ಬ್ರಷ್ಷಿನ ಎಳೆಗಳು ಎರಡನೆಯ ವರ್ಷದಿಂದಲೇ ಉದುರತೊಡಗಿದವು, ಉದುರಿದ ಎಳೆ ಕೊಳವೆಯಲ್ಲೇ ಉಳಿದು ಕಸ ಹಿಡಿಯಲು ನೆಪವಾಗುವುದು ನನಗೆ ಒಪ್ಪಿಗೆಯಾಗದ ಸಂಗತಿ. ಈಗ ಪ್ರತಿ ಸಲ ಒಳಗೆ ಬಿಡುವ ಮುನ್ನ ಬ್ರಷ್ಷನ್ನು ಬೆರಳಲ್ಲಿ ಎಳೆದು ನೋಡುತ್ತೇನೆ. ಪಂಪಿನ ರಬ್ಬರ್ ಮೂರನೆಯ ವರ್ಷ ಬಿರುಕುಬಿಟ್ಟಿತು. ಅದರ ಜಾಗಕ್ಕೆ ಒಂದು ದೊಡ್ಡ ಸಿರಿಂಜ್ ಬಂದಿದೆ, ಒತ್ತಡ ಹದವಾಗಿ ಸಿಗುವುದರಿಂದ ಅದೇ ಮೇಲು ಅನ್ನಿಸಿದೆ. ಹೊಸದಾಗಿ ಕೊಳ್ಳುವವರು ತುದಿಯ ಬ್ರಷ್ ತಮ್ಮ ಕೊಳವೆಯ ಒಳಗಲಕ್ಕಿಂತ ತುಸು ಚಿಕ್ಕದಿದೆಯೇ ಎಂಬುದನ್ನು ಮೊದಲು ನೋಡಲಿ.

ಮಳೆಗಾಲಕ್ಕೆ ಮುನ್ನ ಒಮ್ಮೆ, ಎಲೆ ಉದುರುವ ಕಾಲ ಮುಗಿದ ಮೇಲೆ ಒಮ್ಮೆ, ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ಶುಚಿಗೊಳಿಸುವಿಕೆಯ ನಂತರ ಕಾರ್ಪೆಟ್ ಒಮ್ಮೆಯೂ ಒದ್ದೆಯಾಗಿಲ್ಲ, ಬೆಳಗಿನ ಮಂಜೂ ಇಲ್ಲ. ಹಿಂದಿನ ಬಲಮೂಲೆಯ ಕೊಳವೆ ಮಾತ್ರ ಕಳೆದ ಸಲ ಉಳಿದ ಮೂರಕ್ಕಿಂತ ನಿಧಾನವಾಗಿ ನೀರು ಬಿಟ್ಟಿತು. ಕೇಬಲ್ ಕೊನೆಯವರೆಗೂ ಹೋಗಿ ಬಂದರೂ ಧಾರೆ ಹೆಚ್ಚಲಿಲ್ಲವಾದ್ದರಿಂದ ಕೊಳವೆ ಎಲ್ಲೋ ಮಡಚಿಕೊಂಡಿರಬೇಕೆಂದು ನನ್ನ ಊಹೆ. ಮಳೆ ಶುರುವಾಗುವುದರೊಳಗೆ ಡಿಕ್ಕಿಯ ಪಕ್ಕದ ಹೊದಿಕೆ ಬಿಚ್ಚಿ ನೋಡಲಿದ್ದೇನೆ.