ಎಂಜಿಬಿಗೆ ಪರ್ಟ್ರಾನಿಕ್ಸ್ ಇಗ್ನಿಟರ್: ಪಾಯಿಂಟ್ ಕಿತ್ತುಹಾಕುವ ಮುಂಚೆ ಓದಿ

ಒಂದು ಮಾತು ಮೊದಲೇ ಹೇಳಿಬಿಡಬೇಕು. ಪರ್ಟ್ರಾನಿಕ್ಸ್ ಕಂಪನಿಯ ಇಗ್ನಿಟರ್ ಎಂಬ ಈ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದ ಮಾತ್ರಕ್ಕೆ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ 95 ಅಶ್ವಶಕ್ತಿ 96 ಆಗುವುದಿಲ್ಲ. ಪಿಕಪ್ ಸುಧಾರಿಸಿತು ಎನ್ನುವವರ ಕಾರಿನಲ್ಲಿ ಪಾಯಿಂಟ್ ಗ್ಯಾಪ್ ಮೊದಲೇ ಕೆಟ್ಟಿತ್ತು, ಅಷ್ಟೇ. ಇಗ್ನಿಟರ್ ಮಾಡುವ ಕೆಲಸ ಚಿಕ್ಕದು: ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ಕಾಯಿಲ್‌ನ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್ ಮತ್ತು ಅದರ ಕಂಡೆನ್ಸರ್ ಜಾಗದಲ್ಲಿ ಕೂತು, ಒಮ್ಮೆ ಹೊಂದಿಸಿದ ಸ್ಪಾರ್ಕ್ ಟೈಮಿಂಗ್ ಆಮೇಲೆ ಜಾರದಂತೆ ನೋಡಿಕೊಳ್ಳುವುದು. ಅದನ್ನು ಚೆನ್ನಾಗಿ ಮಾಡುತ್ತದೆ. ಮಾಡದಿದ್ದರೆ ಕಾರಣ ಬಹುಪಾಲು ಕಿಟ್‌ನ ಹೊರಗೇ ಇರುತ್ತದೆ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು. ಎಂಜಿನ್ 1798 ಸಿಸಿಯ ಬಿಎಂಸಿ ಬಿ-ಸೀರೀಸ್. ನಮ್ಮ ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ವಂಶದ್ದು. ಹಾಗಾಗಿ ಅಂಬಾಸಿಡರ್‌ನ ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಹಾಕಿ ಹೊಂದಿಸಿ ಅಭ್ಯಾಸವಿರುವವರಿಗೆ ಇಲ್ಲಿ ಕೈ ಪಳಗಲು ಸಮಯ ಬೇಕಾಗುವುದಿಲ್ಲ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಬೀಳುವ ಸರದಿ) 1-3-4-2. ಡಿಸ್ಟ್ರಿಬ್ಯೂಟರಿನ ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ.

ಹಳೆಯ ಕಾರುಗಳಲ್ಲಿ ಲೂಕಾಸ್ 25ಡಿ4, ಆಮೇಲಿನವುಗಳಲ್ಲಿ 45ಡಿ4 ಡಿಸ್ಟ್ರಿಬ್ಯೂಟರ್ ಇರುತ್ತದೆ. ಎರಡಕ್ಕೂ ಕಿಟ್ ಬೇರೆ ಬೇರೆ. ಐವತ್ತು ವರ್ಷದಲ್ಲಿ ಯಾರು ಏನು ಬದಲಿಸಿದ್ದಾರೋ ಯಾರಿಗೆ ಗೊತ್ತು, ಆದ್ದರಿಂದ ಕಾರಿನ ಇಸವಿ ಹೇಳಿ ಕಿಟ್ ತರಿಸಬೇಡಿ. ಡಿಸ್ಟ್ರಿಬ್ಯೂಟರಿನ ಮೈಮೇಲೆ ಒತ್ತಿರುವ ನಂಬರ್ ಒರೆಸಿ ಓದಿಕೊಳ್ಳಿ. 1975ರ ನಂತರ ಅಮೆರಿಕಕ್ಕೆ ಹೋದ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಲೂಕಾಸ್ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಿತ್ತು. ಪಾಯಿಂಟ್ ಡಿಸ್ಟ್ರಿಬ್ಯೂಟರಿನ ಕಿಟ್ ಅದಕ್ಕೆ ಕೂರುವುದಿಲ್ಲ.

ಪಾಯಿಂಟ್‌ನಲ್ಲಿ ಕೆಡುವುದು ಏನು? 25ಡಿ4ನಲ್ಲಿ ಗ್ಯಾಪ್ 0.35ರಿಂದ 0.40 ಮಿಮೀ, ಡ್ವೆಲ್ (ಪಾಯಿಂಟ್ ಮುಚ್ಚಿಕೊಂಡಿರುವ ಕೋನ) 60 ಡಿಗ್ರಿ, ಹೆಚ್ಚುಕಡಿಮೆ ಮೂರು. ಪಾಯಿಂಟ್‌ನ ಹಿಮ್ಮಡಿ ಕ್ಯಾಮ್ ಮೇಲೆ ಸವೆಯುತ್ತಾ ಹೋದಂತೆ ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಕ್ಯಾಮ್‌ಗೆ ಗ್ರೀಸ್ ಹಚ್ಚದಿದ್ದರೆ ಇದು ಇನ್ನೂ ಬೇಗ. ಈಗ ಸಿಗುವ ಅಗ್ಗದ ಕಂಡೆನ್ಸರ್‌ಗಳ ಕಥೆ ಬೇರೆಯೇ: ತಣ್ಣಗಿರುವಾಗ ಸರಿಯಾಗಿ ನಡೆದು ಬಿಸಿಯಾದಾಗ ಕೈಕೊಡುತ್ತವೆ, ಮಾಲೀಕರು ಕಾರ್ಬ್ಯುರೇಟರ್ ಬಿಚ್ಚಿ ಕೂರುತ್ತಾರೆ. ಇಗ್ನಿಟರ್‌ನಲ್ಲಿ ಸವೆಯುವ ಹಿಮ್ಮಡಿಯೂ ಇಲ್ಲ, ಕಂಡೆನ್ಸರೂ ಇಲ್ಲ. ನಾಲ್ಕು ಆಯಸ್ಕಾಂತಗಳಿರುವ ಒಂದು ಬಳೆ ಕ್ಯಾಮ್ ಮೇಲೆ ಕೂರುತ್ತದೆ, ಪಕ್ಕದಲ್ಲಿ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಇರುವ ಮಾಡ್ಯೂಲ್. ಆಯಸ್ಕಾಂತ ಹಾದುಹೋದಾಗಲೆಲ್ಲ ಮಾಡ್ಯೂಲ್ ಕಾಯಿಲ್‌ನ ಕರೆಂಟ್ ಕಡಿಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ.

ಆದರೆ ಡಿಸ್ಟ್ರಿಬ್ಯೂಟರ್ ಮುದಿಯಾಗಿದ್ದರೆ ಈ ಕಿಟ್ ಅದನ್ನು ಯೌವನಕ್ಕೆ ತರುವುದಿಲ್ಲ. ಆರ್ಡರ್ ಮಾಡುವ ಮುಂಚೆ ಕ್ಯಾಪ್‌ನ ಎರಡು ಕ್ಲಿಪ್ ಬಿಡಿಸಿ, ಸ್ಪಿಂಡಲ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬುಷ್ ಹೋಗಿದೆ. ಪಾಯಿಂಟ್‌ಗಿಂತ ಇಗ್ನಿಟರ್ ಈ ಆಟವನ್ನು ಹೆಚ್ಚು ತಡೆದುಕೊಳ್ಳುತ್ತದೆ ನಿಜ, ಸ್ಪಾರ್ಕ್ ಚದುರುವುದು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ರೋಟರನ್ನು ಅದು ತಿರುಗುವ ದಿಕ್ಕಿಗೆ ತಿರುವಿ ಬಿಡಿ: ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು. ಬಾರದಿದ್ದರೆ ವೇಗ ಏರಿದಂತೆ ಸ್ಪಾರ್ಕನ್ನು ಮುಂಚಿತವಾಗಿಸುವ ಒಳಗಿನ ಅಡ್ವಾನ್ಸ್ ತೂಕಗಳು ಜಿಡ್ಡು ಹಿಡಿದಿವೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಹೀರಿ ನಾಲಿಗೆಯಿಂದ ಮುಚ್ಚಿ. ಬೇಸ್ ಪ್ಲೇಟ್ ಜರುಗಿ ಅಲ್ಲೇ ನಿಂತರೆ ಡಯಾಫ್ರಮ್ ಸರಿಯಿದೆ. ಇವುಗಳಲ್ಲಿ ಎರಡು ಕೆಟ್ಟಿದ್ದರೂ ಆ ದುಡ್ಡನ್ನು ಡಿಸ್ಟ್ರಿಬ್ಯೂಟರ್ ರಿಪೇರಿಗೆ ಹಾಕುವುದೇ ಮೇಲು. ಇಲ್ಲವೇ ಡಚ್ಚರ 123 ಇಗ್ನಿಷನ್ ತರಹದ ಪೂರ್ತಿ ಹೊಸ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಕೊಳ್ಳಬಹುದು. ಬೆಲೆ ಜಾಸ್ತಿ, ಅಡ್ವಾನ್ಸ್ ಕರ್ವ್ ಕೂಡ ಅದರ ಜೊತೆಗೇ ಬರುತ್ತದೆ.

ಇಗ್ನಿಟರ್ ಸುಟ್ಟುಹೋಯಿತು ಎಂಬ ದೂರುಗಳ ಹಿಂದೆ ಸಾಮಾನ್ಯವಾಗಿ ಇರುವುದು ಮೂರು ಕಾರಣ. ಮೊದಲನೆಯದು ಅರ್ತಿಂಗ್. 1967ರ ಕೊನೆಯವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಕಾರಿನ ಮೈಗೆ ಜೋಡಿಸಿರುತ್ತದೆ. ಎಷ್ಟೋ ಕಾರುಗಳನ್ನು ಆಮೇಲೆ ನೆಗೆಟಿವ್‌ಗೆ ತಿರುಗಿಸಿದ್ದಾರೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಯಾವ ಟರ್ಮಿನಲ್ ಕಾರಿನ ಮೈಗೆ ಹೋಗಿದೆ ಎಂದು ಕಣ್ಣಾರೆ ನೋಡಿ, ಅದಕ್ಕೆ ತಕ್ಕ ಕಿಟ್ಟನ್ನೇ ತರಿಸಿ. ಅದಲುಬದಲಾದರೆ ಮಾಡ್ಯೂಲ್ ಕ್ಷಣದಲ್ಲಿ ಸತ್ತುಹೋಗುತ್ತದೆ, ಹೊಗೆ ಕೂಡ ಬರಬೇಕೆಂದಿಲ್ಲ.

ಎರಡನೆಯದು ಕಾಯಿಲ್. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಮೊದಲ ತಲೆಮಾರಿನ ಇಗ್ನಿಟರ್‌ಗೆ ಪ್ರೈಮರಿ ಸರ್ಕ್ಯೂಟ್‌ನಲ್ಲಿ ಕನಿಷ್ಠ 3 ಓಮ್ ಇರಬೇಕು. ಕಾಯಿಲ್‌ನ ತಂತಿ ಬಿಚ್ಚಿ, ಪ್ಲಸ್ ಮೈನಸ್ ನಡುವೆ ಮಲ್ಟಿಮೀಟರ್ ಇಟ್ಟು ಅಳೆಯಿರಿ. 13.8 ವೋಲ್ಟ್‌ನಲ್ಲಿ 3 ಓಮ್ ಕಾಯಿಲ್ ಎಳೆಯುವುದು 4.6 ಆಂಪಿಯರ್. 1.5 ಓಮ್ ಕಾಯಿಲ್ ಆದರೆ 9ಕ್ಕಿಂತ ಮೇಲೆ, ಮಾಡ್ಯೂಲ್ ಬೇಯುತ್ತದೆ. ಆಮೇಲಿನ ರಬ್ಬರ್ ಬಂಪರ್ ಕಾರುಗಳಲ್ಲಿ ಸಾಮಾನ್ಯವಾಗಿ 1.5 ಓಮ್ ಕಾಯಿಲ್, ಜೊತೆಗೆ ವೈರಿಂಗ್‌ನೊಳಗೇ ಅಡಗಿ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ತಂತಿ ಇರುತ್ತದೆ. ಅದನ್ನು ಹಾಗೇ ಬಿಡಿ. ಇಗ್ನಿಟರ್‌ನ ಕೆಂಪು ತಂತಿಯನ್ನು ಮಾತ್ರ ಕಾಯಿಲ್‌ಗೆ ಕೊಡದೆ, ಬ್ಯಾಲಸ್ಟ್‌ಗಿಂತ ಮುಂಚೆ ಪೂರ್ತಿ 12 ವೋಲ್ಟ್ ಸಿಗುವ ಬಿಳಿ ತಂತಿಗೆ ಕೊಡಿ.

ಮೂರನೆಯದು ನಮ್ಮ ಕೈಯ ಕೆಲಸ: ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ರೇಡಿಯೋ ಕೇಳುವುದು, ಪೆಟ್ರೋಲ್ ಪಂಪ್ ಟಿಕಟಿಕ ಎನ್ನುವುದನ್ನು ಪರೀಕ್ಷಿಸುತ್ತಾ ಹತ್ತು ನಿಮಿಷ ಕಳೆಯುವುದು. ಕಾಯಿಲ್ ಮೂಲಕ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್, ಮಾಡ್ಯೂಲ್ ಎರಡೂ ಬಿಸಿಯೇರುತ್ತವೆ. ಇಂಥ ಪರೀಕ್ಷೆ ಮಾಡುವಾಗ ಕಾಯಿಲ್‌ನ ಪ್ಲಸ್ ತಂತಿ ಬಿಚ್ಚಿಡಿ. ಅದೇ ಕಂಪನಿಯ ಇಗ್ನಿಟರ್ 2 ಕಾಯಿಲ್ ಕರೆಂಟನ್ನು ತಾನೇ ಹತೋಟಿಯಲ್ಲಿಡುತ್ತದೆ. ಮರೆವು ಜಾಸ್ತಿ ಇರುವವರು ನಿಮ್ಮ ಡಿಸ್ಟ್ರಿಬ್ಯೂಟರಿಗೆ ಅದು ಸಿಗುತ್ತದೆಯೇ ನೋಡಿ.

ಕೂರಿಸುವುದು ಒಂದು ಗಂಟೆಯ ಕೆಲಸ. ಬ್ಯಾಟರಿಯ ಅರ್ತ್ ಬಿಚ್ಚಿ. ಡಿಸ್ಟ್ರಿಬ್ಯೂಟರ್ ಕೆಳಗಿನ ಕ್ಲ್ಯಾಂಪ್ ಬೋಲ್ಟ್ ಮುಟ್ಟದಿದ್ದರೆ ಟೈಮಿಂಗ್ ಹತ್ತಿರದಲ್ಲೇ ಉಳಿದು ಎಂಜಿನ್ ಸ್ಟಾರ್ಟ್ ಆಗುತ್ತದೆ. ರೋಟರ್ ಮೇಲಕ್ಕೆ ಎಳೆದು ತೆಗೆಯಿರಿ. ಪಾಯಿಂಟ್ ಮತ್ತು ಕಂಡೆನ್ಸರ್ ಸ್ಕ್ರೂ ಬಿಚ್ಚುವಾಗ ಆಯಸ್ಕಾಂತದ ಸ್ಕ್ರೂಡ್ರೈವರೇ ಬಳಸಿ. ಒಂದು ಸ್ಕ್ರೂ ಬೇಸ್ ಪ್ಲೇಟ್ ಸಂದಿಯಲ್ಲಿ ಬಿದ್ದರೆ ಅಡ್ವಾನ್ಸ್ ತೂಕಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಡಿಸ್ಟ್ರಿಬ್ಯೂಟರ್ ಕಳಚದೆ ಬೇರೆ ದಾರಿಯಿಲ್ಲ. ಬೇಸ್ ಪ್ಲೇಟಿಗೆ ಹೋಗುವ ಸಣ್ಣ ಅರ್ತ್ ತಂತಿಯನ್ನು ಈಗ ಎಳೆದು ನೋಡಿ. ಮಾಡ್ಯೂಲ್‌ನ ಅರ್ತ್ ಆ ಪ್ಲೇಟ್ ಮೂಲಕವೇ. ಒಳಗೆ ತುಂಡಾಗಿ ಹೊರಗೆ ಬಟ್ಟೆಯ ಹೊದಿಕೆಯಲ್ಲಿ ನೇತಾಡುವ ತಂತಿ, ವ್ಯಾಕ್ಯೂಮ್ ಪ್ಲೇಟ್ ಜರುಗಿದಾಗಲಷ್ಟೇ ಮಿಸ್ಸಿಂಗ್ ಕೊಟ್ಟು ತಲೆ ತಿನ್ನುತ್ತದೆ.

ಸ್ಪಿಂಡಲ್ ತುದಿಯ ಸ್ಕ್ರೂ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಮಾಡ್ಯೂಲ್ ಕೂರಿಸಿ, ಆಯಸ್ಕಾಂತದ ಬಳೆಯನ್ನು ಕ್ಯಾಮ್‌ನ ಮೂಲೆಗಳಿಗೆ ಹೊಂದಿಸಿ ಕೆಳಗಿನವರೆಗೆ ಒತ್ತಿ. ಕಿಟ್‌ನಲ್ಲಿ ಪ್ಲಾಸ್ಟಿಕ್ ಗೇಜ್ ಬಂದಿದ್ದರೆ ಬಳೆ ಮತ್ತು ಮಾಡ್ಯೂಲ್ ನಡುವಿನ ಸಂದು ಅದರಿಂದಲೇ ಇಡಿ. ಬಳೆ ಪೂರ್ತಿ ಇಳಿಯದಿದ್ದರೆ ರೋಟರ್ ಎತ್ತರ ನಿಂತು ಕ್ಯಾಪ್‌ಗೆ ತಾಗುತ್ತದೆ. ಕಪ್ಪು ತಂತಿ ಕಾಯಿಲ್‌ನ ಮೈನಸ್‌ಗೆ, ಕೆಂಪು ಪ್ಲಸ್‌ಗೆ (ಇದು ಬ್ಯಾಲಸ್ಟ್ ಇಲ್ಲದ ನೆಗೆಟಿವ್ ಅರ್ತ್ ಕಾರಿನ ಲೆಕ್ಕ). ವ್ಯಾಕ್ಯೂಮ್ ಪ್ಲೇಟನ್ನು ಕೈಯಿಂದ ಪೂರ್ತಿ ಜರುಗಿಸಿ ತಂತಿ ಎಳೆಯುತ್ತಿಲ್ಲ, ಬಳೆಗೆ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕ್ಯಾಪ್ ಮುಚ್ಚಿ.

ರೋಟರ್ ಬಗ್ಗೆ ಒಂದು ಮಾತು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ಕಪ್ಪು ರೋಟರ್‌ಗಳಲ್ಲಿ ಸ್ಪಾರ್ಕ್ ಆ ರಿವೆಟ್ ಮೂಲಕ ಸ್ಪಿಂಡಲ್‌ಗೆ ಇಳಿದುಬಿಡುತ್ತದೆ. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಿಂತು, ಬೈಗುಳ ಹೊಸ ಮಾಡ್ಯೂಲ್‌ಗೆ ಬೀಳುತ್ತದೆ. ರಿವೆಟ್ ಇಲ್ಲದ ಕೆಂಪು ರೋಟರ್ ಹಾಕಿ. ಪ್ಲಗ್ ವೈರ್ ಕೂಡ ಸಪ್ರೆಸ್ಡ್ ಮಾದರಿಯದೇ ಬೇಕು. ಬರಿಯ ತಾಮ್ರದ ವೈರ್ ಹೊರಸೂಸುವ ಎಲೆಕ್ಟ್ರಿಕಲ್ ಗದ್ದಲಕ್ಕೆ ಮಾಡ್ಯೂಲ್ ತಬ್ಬಿಬ್ಬಾಗುತ್ತದೆ.

ಟೈಮಿಂಗ್ ಮತ್ತೆ ಹೊಂದಿಸಲೇಬೇಕು, ಸ್ಟ್ರೋಬ್ ಲೈಟ್‌ನಲ್ಲಿ. ಪಾಯಿಂಟ್ ತೆರೆಯುತ್ತಿದ್ದ ಕ್ಷಣಕ್ಕೂ ಆಯಸ್ಕಾಂತ ಕಡಿಯುವ ಕ್ಷಣಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಬರುತ್ತದೆ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಮುಚ್ಚಿ. ಎಂಜಿನ್ ನಂಬರಿನ ಮೊದಲಲ್ಲಿ 18ಜಿಬಿ ವರೆಗಿನ ಗುರುತಿರುವ ಹೈ ಕಂಪ್ರೆಷನ್ ಎಂಜಿನ್‌ಗಳಿಗೆ 600 ಆರ್‌ಪಿಎಂನಲ್ಲಿ 14 ಡಿಗ್ರಿ ಅಡ್ವಾನ್ಸ್. ಆಮೇಲಿನವಕ್ಕೆ ಎಂಜಿನ್ ನಂಬರ್ ನೋಡಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಅಂಕಿ ಹಿಡಿಯಿರಿ. ಹಳೆಯ ಕಾರುಗಳಲ್ಲಿ ಗುರುತು ಪುಲ್ಲಿಯ ಕೆಳಭಾಗದಲ್ಲಿರುವುದರಿಂದ ಕಾರಿನ ಕೆಳಗೆ ಮಲಗಿಯೇ ನೋಡಬೇಕು. ಆಮೇಲೆ ವೇಗ ಏರಿಸಿ ಗರಿಷ್ಠ ಅಡ್ವಾನ್ಸ್ 32–34 ಡಿಗ್ರಿ ದಾಟದಂತೆ ನೋಡಿ. ದಿಬ್ಬದಲ್ಲಿ ಟಾಪ್ ಗೇರ್‌ನಲ್ಲಿ ನಾಕಿಂಗ್ ಬಂದರೆ ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಪ್ಲಗ್ ಗ್ಯಾಪ್ 0.64 ಮಿಮೀ ಇರಲಿ. ಕಾಯಿಲ್ ಹಳೆಯದೇ ಆಗಿರುವಾಗ ಗ್ಯಾಪ್ ಹಿಗ್ಗಿಸಿ ಸಿಗುವ ಲಾಭ ಏನೂ ಇಲ್ಲ.

ಕೆಲವು ಹಳೆಯ ಕಾರುಗಳಲ್ಲಿ ಕಿಟ್ ಹಾಕಿದ ಮೇಲೆ ಟ್ಯಾಕೋಮೀಟರ್ ಮುಳ್ಳು ಕುಣಿಯುತ್ತದೆ, ಇಲ್ಲವೇ ಏಳುವುದೇ ಇಲ್ಲ. ಮೊದಲಿನ ಸ್ಮಿತ್ಸ್ ಮೀಟರ್‌ಗಳು ಕಾಯಿಲ್‌ಗೆ ಹೋಗುವ ಕರೆಂಟನ್ನೇ ಓದುತ್ತಿದ್ದವು, ಮಾಡ್ಯೂಲ್‌ನ ಕರೆಂಟ್ ಅದರೊಳಗೆ ಬೆರೆತರೆ ಲೆಕ್ಕ ತಪ್ಪುತ್ತದೆ. ಕೆಂಪು ತಂತಿಯನ್ನು ಟ್ಯಾಕೋಮೀಟರ್‌ಗಿಂತ ಮುಂಚಿನ ಇಗ್ನಿಷನ್ ಫೀಡ್‌ಗೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅಮೆರಿಕದಲ್ಲಿ ಬೆಲೆ ನೂರು ಡಾಲರ್ ದಾಟುತ್ತದೆ, ಭಾರತಕ್ಕೆ ತರಿಸಿದರೆ ಕಸ್ಟಮ್ಸ್ ಬೇರೆ. ವಾರಾಂತ್ಯಕ್ಕೊಮ್ಮೆ ಓಡುವ, ಪಾಯಿಂಟ್ ಹೊಂದಿಸುವುದರಲ್ಲಿ ಸುಖ ಕಾಣುವ ಮಾಲೀಕರಿಗೆ ಒಳ್ಳೆ ಪಾಯಿಂಟ್ ಸೆಟ್ಟೇ ಸಾಕು. ಮೂರಂಕಿಯ ಕಿಲೋಮೀಟರ್ ಒಂದೇ ದಿನ ಓಡಿಸುವವರಿಗೆ ಇಗ್ನಿಟರ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೇ ಷರತ್ತು: ಪಾಯಿಂಟ್ ಸಾಯುವ ಮುಂಚೆ ವಾರಗಟ್ಟಲೆ ಕೆಮ್ಮಿ ಸೂಚನೆ ಕೊಡುತ್ತದೆ, ಮಾಡ್ಯೂಲ್ ಕೊಡುವುದಿಲ್ಲ. ಬಿಚ್ಚಿದ ಪಾಯಿಂಟ್ ಸೆಟ್ಟನ್ನೂ ಒಂದು ಒಳ್ಳೆ ಕಂಡೆನ್ಸರನ್ನೂ ಅವುಗಳ ಸ್ಕ್ರೂ, ಎಲ್‌ಟಿ (ಲೋ ಟೆನ್ಷನ್) ತಂತಿ, ಫೀಲರ್ ಗೇಜ್ ಸಮೇತ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಡಿ. ಗ್ಯಾಪ್ 0.38ಕ್ಕೆ ಇಟ್ಟರೆ ರಸ್ತೆ ಬದಿಯಲ್ಲೇ ಅರ್ಧ ಗಂಟೆಯಲ್ಲಿ ಕಾರು ಹೊರಡುತ್ತದೆ, ಟೈಮಿಂಗ್ ಮನೆಗೆ ಹೋಗಿ ನೋಡಿಕೊಳ್ಳಬಹುದು.