ನಾಲ್ಕು ಬೆರಳಿನ ಅಂತರ: ಬ್ಯಾಸ್ಕೆಟ್‌ಬಾಲ್ ಕೋಚಿಂಗ್ ಬೋರ್ಡನ್ನು ಒಂದು ವರ್ಷ ಬಳಸಿದ ಮೇಲೆ

ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಬಾಲಕಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿಕೊಳ್ಳುತ್ತಿರುವ ನಾನು, ಕಳೆದ ವರ್ಷ ಶಾಲೆ ಆರಂಭವಾದ ವಾರವೇ ಪೇಟೆಯ ಕ್ರೀಡಾ ಸಾಮಗ್ರಿ ಅಂಗಡಿಯಿಂದ, ಫೈಲಿನಂತೆ ಮಡಚಿ ಜಿಪ್ ಎಳೆಯಬಹುದಾದ ಮ್ಯಾಗ್ನೆಟ್ ಕೋಚಿಂಗ್ ಬೋರ್ಡೊಂದನ್ನು 850 ರೂಪಾಯಿ ಕೊಟ್ಟು ತಂದೆ. ಭಾನುವಾರ ಮತ್ತು ಪರೀಕ್ಷೆಯ ದಿನಗಳನ್ನು ಬಿಟ್ಟರೆ ಅದನ್ನು ಬಳಸದ ಸಂಜೆಯಿಲ್ಲ. ಈ ಬೋರ್ಡಿನಲ್ಲಿ ಒಂದು ದೊಡ್ಡ ತಪ್ಪಿದೆ. ಆದರೂ ನಮ್ಮ ಮಕ್ಕಳು ಐವರೂ ಸೇರಿ ದಾಳಿ ಕಟ್ಟುವುದನ್ನು ಕಲಿತದ್ದರಲ್ಲಿ ಇದರ ಪಾಲು ಸಣ್ಣದಲ್ಲ.

ತೆರೆದರೆ ಒಳಗೆ 42 ಸೆಂಟಿಮೀಟರ್ ಉದ್ದದಲ್ಲಿ ಪೂರ್ಣ ಅಂಕಣದ ಚಿತ್ರವಿದೆ. ಕೆಂಪು ಮತ್ತು ನೀಲಿ ಬಣ್ಣದ ಐದೈದು ಬಿಲ್ಲೆಗಳು, ಅವುಗಳ ಮೇಲೆ 1ರಿಂದ 5ರವರೆಗೆ ಅಂಕಿಗಳು, ಚೆಂಡಿಗೆಂದು ಒಂದು ಚಿಕ್ಕ ಕಿತ್ತಳೆ ಬಿಲ್ಲೆ, ಒರೆಸುವ ಬಟ್ಟೆ ಅಂಟಿಸಿದ ಒಂದು ಮಾರ್ಕರ್ ಜೊತೆಗೆ ಬರುತ್ತವೆ. ಬಿಲ್ಲೆಗಳ ಹಿಡಿತ ಚೆನ್ನಾಗಿದೆ. ಬೋರ್ಡನ್ನು ನೆಟ್ಟಗೆ ಎತ್ತಿ ಹಿಡಿದರೂ ಜಾರುವುದಿಲ್ಲ.

ಇದನ್ನು ಕೊಳ್ಳಲು ಕಾರಣವಾದದ್ದು ತಾಲ್ಲೂಕು ಮಟ್ಟದಲ್ಲಿ ನಾವು ಸೋತ ಒಂದು ಪಂದ್ಯ. ನಮ್ಮ ತಂಡದಲ್ಲಿ ಚುರುಕಾಗಿ ಡ್ರಿಬಲ್ ಮಾಡುವವಳು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡುವವಳು, ಒಬ್ಬಳೇ ಇದ್ದಳು. ಚೆಂಡು ಅವಳ ಕೈಸೇರಿದ ಕೂಡಲೇ ಉಳಿದ ನಾಲ್ವರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅವಳ ಸುತ್ತ ಸೇರುತ್ತಿದ್ದರು, ಇಲ್ಲವೇ ನಿಂತಲ್ಲೇ ನಿಂತು ಅವಳನ್ನು ನೋಡುತ್ತಿದ್ದರು. ಗೆಳತಿಯರು ಹತ್ತಿರ ಬಂದಷ್ಟೂ ಅವರನ್ನು ಕಾಯುವ ಎದುರಾಳಿಗಳೂ ಹತ್ತಿರ ಬರುತ್ತಾರೆ, ಒಬ್ಬಳೇ ಎದುರಾಳಿ ಇಬ್ಬರನ್ನು ತಡೆಯುವುದು ಸುಲಭವಾಗುತ್ತದೆ ಎಂಬುದನ್ನು ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಆಡುತ್ತಿರುವಾಗ ಅಂಕಣ ಮಕ್ಕಳಿಗೆ ಮೇಲಿನಿಂದ ಕಾಣುವುದಿಲ್ಲವಾದ್ದರಿಂದ ನನ್ನ ಮಾತು ಅವರಿಗೆ ಮಾತಾಗಿಯೇ ಉಳಿಯುತ್ತಿತ್ತು. ಬೋರ್ಡು ಅವರಿಗೆ ಆ ಮೇಲಿನ ನೋಟವನ್ನು ಕೊಟ್ಟಿತು.

ನಿಜವಾದ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಹಾಗಾಗಿ ಈ ಬೋರ್ಡಿನಲ್ಲಿ ಒಂದು ಮೀಟರಿಗೆ ಒಂದೂವರೆ ಸೆಂಟಿಮೀಟರ್ ಬೀಳುತ್ತದೆ. ದಾಳಿ ಮಾಡುವಾಗ ಇಬ್ಬರು ಗೆಳತಿಯರ ನಡುವೆ ನಾಲ್ಕರಿಂದ ಐದು ಮೀಟರ್ ಅಂತರವಿರಬೇಕು ಎಂದು ನಾವು ಹೇಳಿಕೊಡುತ್ತೇವೆ. ಅಷ್ಟು ದೂರ ಬೋರ್ಡಿನ ಮೇಲೆ ಮಕ್ಕಳ ಕೈಯ ನಾಲ್ಕು ಬೆರಳು ಜೋಡಿಸಿಟ್ಟಷ್ಟಾಗುತ್ತದೆ. ಅಂದಿನಿಂದ ನಮ್ಮಲ್ಲಿ ಅಂತರಕ್ಕೆ ‘ನಾಲ್ಕು ಬೆರಳು’ ಎಂದೇ ಹೆಸರು. ಒಬ್ಬಳು ಮೇಲ್ಗಡೆ ನಡುವೆ, ಇಬ್ಬರು ಎಡ ಬಲ ಬದಿಗಳ ರೆಕ್ಕೆಗಳಲ್ಲಿ, ಇಬ್ಬರು ಮೂಲೆಗಳಲ್ಲಿ, ಹೀಗೆ ಐವರೂ ಮೂರು ಅಂಕದ ಗೆರೆಯ ಹೊರಗೆ ನಿಲ್ಲುವ ವ್ಯವಸ್ಥೆಯನ್ನು ಅವರು ಬಿಲ್ಲೆಗಳ ನಡುವೆ ಬೆರಳಿಟ್ಟು ತಾವೇ ಹೊಂದಿಸಿದರು. ಈಗ ಅಂಕಣದಲ್ಲಿ ಯಾರಾದರೂ ಚೆಂಡಿನ ಕಡೆಗೆ ಓಡಿಬಂದರೆ, ನಾನು ಕೂಗುವ ಮೊದಲೇ ಗೆಳತಿಯರಲ್ಲಿ ಒಬ್ಬಳು ನಾಲ್ಕು ಬೆರಳನ್ನು ಎತ್ತಿ ತೋರಿಸುತ್ತಾಳೆ.

ಜುಲೈ ತಿಂಗಳ ಒಂದು ಸಂಜೆ, ಅಂಕಣದ ಪಕ್ಕದ ಬೇವಿನ ಮರದ ಕೆಳಗೆ ಬೋರ್ಡು ಹರಡಿ ಕುಳಿತಿದ್ದಾಗ, ಯಾವಾಗಲೂ ಮೂಲೆಯಲ್ಲಿ ನಿಲ್ಲುವ ಒಂಬತ್ತನೆಯ ತರಗತಿಯ ಹುಡುಗಿ ತನ್ನ 4ನೇ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ಹಿಡಿದು, “ಸಾರ್, ಚೆಂಡು ನನ್ ಕಡಿಗೆ ಬರ್ಲೇ ಇಲ್ಲಂದ್ರ ನಾ ಏನ್ ಮಾಡ್ಬೇಕ್ರಿ?” ಎಂದು ಕೇಳಿದಳು. ನಾನು ಉತ್ತರ ಹೇಳದೆ, ಅವಳನ್ನು ಕಾಯುವ ನೀಲಿ ಬಿಲ್ಲೆಯನ್ನು ಅವಳ ಪಕ್ಕದಲ್ಲಿಟ್ಟು, “ನೀ ಈಗ ಬುಟ್ಟಿ ಕಡಿಗೆ ಓಡು” ಎಂದೆ. ಅವಳು ತನ್ನ ಬಿಲ್ಲೆ ಸರಿಸಿದಳು, ನಾನು ನೀಲಿ ಬಿಲ್ಲೆಯನ್ನು ಅದರ ಬೆನ್ನಿಗೆ ಸರಿಸಿದೆ. ಮೂಲೆ ಖಾಲಿಯಾಯಿತು. ಅವಳು ಸ್ವಲ್ಪ ಹೊತ್ತು ನೋಡಿ, ರೆಕ್ಕೆಯಲ್ಲಿದ್ದ 2ನೇ ಬಿಲ್ಲೆಯನ್ನು ತಾನಾಗಿಯೇ ಆ ಖಾಲಿ ಮೂಲೆಗೆ ಎಳೆದು, “ಹಂಗಾದ್ರ ಈಕಿ ಇಲ್ಲಿ ಬರ್ಬಹುದಲ್ರಿ” ಎಂದಳು. ಪಾಸ್ ಕೊಟ್ಟವಳು ಅಥವಾ ಚೆಂಡಿಲ್ಲದವಳು ಬುಟ್ಟಿಯತ್ತ ಕಟ್ ಮಾಡುವುದು, ಅವಳು ಬಿಟ್ಟ ಜಾಗವನ್ನು ಪಕ್ಕದವಳು ತುಂಬುವುದು, ಇಷ್ಟೇ ನಮ್ಮ ದಾಳಿಯ ಅಡಿಪಾಯ. ಅದನ್ನು ನನ್ನ ವಿವರಣೆಯಿಲ್ಲದೆ ಆ ಹುಡುಗಿ ಕಂಡುಕೊಂಡದ್ದಕ್ಕೆ ಈ ಬೋರ್ಡಿಗೆ ನಾನು ಎಂದೂ ಋಣಿ. ಜೇಮ್ಸ್ ನೈಸ್ಮಿತ್ 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದಾಗ ಬರೆದ 13 ನಿಯಮಗಳಲ್ಲಿ ಚೆಂಡು ಹಿಡಿದು ಓಡುವಂತಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು ಎಂಬುದನ್ನು ಅದೇ ಸಂಜೆ ಮಕ್ಕಳಿಗೆ ಹೇಳಿದೆ. ಆ ನಿಯಮದಂತೆ ಹತ್ತು ನಿಮಿಷ ಡ್ರಿಬಲ್ ಇಲ್ಲದೆ ಆಡಿಸಿದಾಗ ಐವರೂ ಓಡಿದರು.

ಇನ್ನು ತಪ್ಪಿನ ವಿಷಯಕ್ಕೆ ಬರುತ್ತೇನೆ. ಬುಟ್ಟಿಯ ಮುಂದಿನ ಮೂರು ಸೆಕೆಂಡಿನ ಜಾಗ, ಅಂದರೆ ದಾಳಿ ಮಾಡುವವರು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲದ ಜಾಗ, ಅಂತರರಾಷ್ಟ್ರೀಯ ನಿಯಮದಲ್ಲಿ 2010ರಿಂದ 4.9 ಮೀಟರ್ ಅಗಲದ ಆಯತವಾಗಿದೆ, ಅದೇ ವರ್ಷ ಮೂರು ಅಂಕದ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಸರಿಯಿತು. ನನ್ನ ಬೋರ್ಡಿನಲ್ಲಿ ಅಚ್ಚಾಗಿರುವುದು ಅದಕ್ಕೂ ಹಿಂದಿನ, ಬುಟ್ಟಿಯ ಕೆಳಗೆ 6 ಮೀಟರ್ ಅಗಲವಾಗಿ ಫ್ರೀ ಥ್ರೋ ಗೆರೆಯ ಬಳಿ 3.6 ಮೀಟರಿಗೆ ಕಿರಿದಾಗುವ ಹಳೆಯ ಆಕಾರ. ಅಂಗಡಿಯಲ್ಲಿ ನಾನು ಬಿಲ್ಲೆಗಳನ್ನು ಎಣಿಸಿದೆನೇ ಹೊರತು ಗೆರೆಗಳನ್ನು ನೋಡಲಿಲ್ಲ. ಇದು ಚಿತ್ರದ ಅಂದದ ಪ್ರಶ್ನೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಅಭ್ಯಾಸ ಪಂದ್ಯವೊಂದರಲ್ಲಿ ನಮ್ಮ ಎತ್ತರದ ಹುಡುಗಿ, ಬೋರ್ಡಿನಲ್ಲಿ ನಾನು ತೋರಿಸಿದ್ದ ಜಾಗದಲ್ಲೇ, ಫ್ರೀ ಥ್ರೋ ಗೆರೆಯ ತುದಿಯ ಪಕ್ಕದಲ್ಲಿ, ತಾನು ಹೊರಗಿದ್ದೇನೆಂದು ನಂಬಿ ನಿಂತಳು. ಮೂರು ಸೆಕೆಂಡಿನ ಸೀಟಿ ಎರಡು ಸಲ ಅವಳ ಮೇಲೆಯೇ ಬಿತ್ತು. ಹಳೆಯ ಗೆರೆಯ ಲೆಕ್ಕದಲ್ಲಿ ಅವಳು ಹೊರಗೆ, ಅಂಕಣದ ಈಗಿನ ಗೆರೆಯ ಲೆಕ್ಕದಲ್ಲಿ ಒಳಗೆ. ಬೋರ್ಡಿನ ಮೇಲೆ ಇದು ಒಂದು ಸೆಂಟಿಮೀಟರಿನ ವ್ಯತ್ಯಾಸ. ಅವಳು ಅಳುಮುಖ ಮಾಡಿಕೊಂಡು ನನ್ನನ್ನು ನೋಡಿದ್ದು ಇನ್ನೂ ಕಣ್ಣ ಮುಂದಿದೆ, ಏಕೆಂದರೆ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದಳು. ಅಂದು ರಾತ್ರಿ ಸ್ಕೇಲು ಹಿಡಿದು ಅಳಿಸಲಾಗದ ಮಾರ್ಕರಿನಿಂದ ಹೊಸ ಆಯತವನ್ನೂ ಮುಕ್ಕಾಲು ಸೆಂಟಿಮೀಟರ್ ಹೊರಗೆ ಹೊಸ ಕಮಾನನ್ನೂ ಎಳೆದೆ. ಮೂಲೆಯಲ್ಲಿ ಮೂರು ಅಂಕದ ಗೆರೆಗೂ ಪಕ್ಕದ ಗೆರೆಗೂ ನಡುವೆ ಈಗ ಉಳಿಯುವುದು 90 ಸೆಂಟಿಮೀಟರ್ ಮಾತ್ರ ಎಂಬುದು ಅದನ್ನು ಎಳೆಯುವಾಗಲೇ ನನ್ನ ಮನಸ್ಸಿಗೂ ಸರಿಯಾಗಿ ಇಳಿಯಿತು. ನಮ್ಮ ಮೂಲೆಯ ಹುಡುಗಿಯರು ಪದೇ ಪದೇ ಗೆರೆ ತುಳಿಯುತ್ತಿದ್ದುದು ಅವರ ಅಜಾಗರೂಕತೆಯಿಂದ ಅಲ್ಲ, ನನ್ನ ಚಿತ್ರ ಅವರಿಗೆ ಇಲ್ಲದ ಜಾಗವನ್ನು ತೋರಿಸಿದ್ದರಿಂದ.

ಸ್ಕ್ರೀನ್, ಅಂದರೆ ಗೆಳತಿಯನ್ನು ಕಾಯುವ ಎದುರಾಳಿಯ ದಾರಿಗೆ ಅಡ್ಡ ನಿಂತು ಅವಳನ್ನು ಬಿಡಿಸುವುದು, ಇದನ್ನು ಕಲಿಸುವಲ್ಲಿ ಬೋರ್ಡು ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಓಟಕ್ಕೆ ಗಟ್ಟಿ ಗೆರೆ, ಪಾಸಿಗೆ ತುಂಡು ಗೆರೆ, ಡ್ರಿಬಲ್‌ಗೆ ಅಂಕುಡೊಂಕು ಗೆರೆ, ಸ್ಕ್ರೀನಿಗೆ ತುದಿಯಲ್ಲಿ ಅಡ್ಡಪಟ್ಟಿಯಿರುವ ಗೆರೆ ಎಂಬ ಗುರುತುಗಳನ್ನು ಮಕ್ಕಳು ಎರಡೇ ದಿನದಲ್ಲಿ ಕಲಿತರು. ಆದರೆ ಸ್ಕ್ರೀನ್ ಹಾಕುವವಳು ಎರಡೂ ಪಾದ ಊರಿ ಅಲುಗಾಡದೆ ನಿಲ್ಲಬೇಕು, ಓಡುವವಳು ಅವಳ ಸೊಂಟಕ್ಕೆ ತನ್ನ ಭುಜ ತಾಗುವಷ್ಟು ಹತ್ತಿರದಿಂದ ಹಾಯಬೇಕು, ಅದಕ್ಕೂ ಮೊದಲು ಒಂದು ಕ್ಷಣ ಕಾಯಬೇಕು. ಆ ಕಾಯುವಿಕೆಯನ್ನು ಯಾವ ಗೆರೆಯೂ ತೋರಿಸಲಾರದು. ಬಿಲ್ಲೆಗಳೂ ದಪ್ಪ: ಎರಡು ಸೆಂಟಿಮೀಟರ್ ಅಗಲದ ಬಿಲ್ಲೆ ಅಂಕಣದ ಒಂದೂ ಕಾಲು ಮೀಟರಿಗಿಂತ ಹೆಚ್ಚು ಜಾಗ ತಿನ್ನುವುದರಿಂದ, ನಿಜದಲ್ಲಿ ಪಾಸ್ ಹೋಗಬಹುದಾದ ದಾರಿ ಬೋರ್ಡಿನ ಮೇಲೆ ಮುಚ್ಚಿದಂತೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀಲಿ ಬಿಲ್ಲೆಗಳು ನಾವು ಸರಿಸಿದಾಗ ಮಾತ್ರ ಸರಿಯುತ್ತವೆ. ಪಾಸ್ ದಾರಿಗೆ ಎದುರಾಳಿ ಕೈ ಚಾಚಿ ಅಡ್ಡ ನಿಂತರೆ ಅವಳ ಬೆನ್ನ ಹಿಂದಿನಿಂದ ಬುಟ್ಟಿಗೆ ನುಗ್ಗಬೇಕು, ಅವಳು ಹಿಂದೆ ಸರಿದು ನಿಂತರೆ ಅಲ್ಲೇ ಚೆಂಡು ಪಡೆದು ಎಸೆಯಬೇಕು. ಎದುರಾಳಿಯನ್ನು ನೋಡಿ ಮಾಡುವ ಈ ತೀರ್ಮಾನ ಸಿಮೆಂಟಿನ ನೆಲದ ಮೇಲೆ ಮೂವರ ವಿರುದ್ಧ ಮೂವರನ್ನು ಬಿಟ್ಟು ಆಡಿಸಿದಾಗ ಮಾತ್ರ ಬರುತ್ತದೆ. ಆದ್ದರಿಂದ ನಾನು ಬೋರ್ಡಿಗೆ ಕೊಡುವುದು ಮೊದಲಿನ ಹತ್ತು ನಿಮಿಷ. ಅಷ್ಟರಲ್ಲಿ ಮುಗಿಯದ ಚಿತ್ರವನ್ನು ಮರುದಿನಕ್ಕೆ ಉಳಿಸುತ್ತೇನೆ.

ಎದುರಾಳಿಗಳು ಒಬ್ಬೊಬ್ಬರನ್ನು ಕಾಯದೆ ಮುಂದೆ ಇಬ್ಬರು, ಹಿಂದೆ ಮೂವರಾಗಿ ತಮ್ಮ ತಮ್ಮ ಜಾಗವನ್ನು ಕಾಯುವ 2-3 ವಲಯ ರಕ್ಷಣೆಯ ಎದುರು ಈ ಬೋರ್ಡು ತುಂಬ ಉಪಯುಕ್ತವಾಯಿತು. ಒಬ್ಬಳು ಫ್ರೀ ಥ್ರೋ ಗೆರೆಯ ನಡುವಿಗೆ ಬಂದು ಚೆಂಡು ಪಡೆದರೆ ಮುಂದಿನ ಇಬ್ಬರೂ ಹಿಂದಿನ ಮೂವರೂ ಯಾರು ಹೋಗಬೇಕೆಂದು ಗೊಂದಲಕ್ಕೆ ಬೀಳುವುದನ್ನು ಬಿಲ್ಲೆಗಳು ಒಂದೇ ನೋಟಕ್ಕೆ ತೋರಿಸುತ್ತವೆ. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಇದನ್ನೇ ಟೈಮ್‌ಔಟಿನಲ್ಲಿ ತೋರಿಸಿದೆ. ಟೈಮ್‌ಔಟ್ ಎಂದರೆ ಒಂದು ನಿಮಿಷ. ಮಕ್ಕಳು ಬಂದು ನೀರು ಕುಡಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅರ್ಧ ಕಳೆದಿರುತ್ತದೆ. ಹಾಗಾಗಿ ಹತ್ತು ಬಿಲ್ಲೆಗಳನ್ನು ಜೋಡಿಸುವ ಗೋಜಿಗೆ ಹೋಗದೆ, 5ನೇ ಬಿಲ್ಲೆಯೊಂದನ್ನೇ ನಡುವಿಗೆ ಇಟ್ಟು ತೋರಿಸಿದೆ. ಅಷ್ಟು ಸಾಕಾಯಿತು.

ಬಾಳಿಕೆಯ ಬಗ್ಗೆ ಎರಡು ಮಾತು. ನಮ್ಮೂರಿನ ಬಿಸಿಲಿಗೆ ಬೋರ್ಡಿನ ತಗಡು ಮುಟ್ಟಲಾರದಷ್ಟು ಕಾಯುತ್ತದೆ, ಬರೆದ ಗೆರೆ ಒಣಗಿ ಅಂಟಿಕೊಂಡು ಬಟ್ಟೆಗೆ ಹೋಗುವುದಿಲ್ಲ. ಸ್ಪಿರಿಟ್ ಹಚ್ಚಿ ಒರೆಸಬೇಕು, ಆಗ ನಾನು ಎಳೆದ ಹೊಸ ಗೆರೆಗಳೂ ಮಾಸುವುದರಿಂದ ತಿಂಗಳಿಗೊಮ್ಮೆ ಅವನ್ನು ತಿದ್ದಬೇಕಾಗುತ್ತದೆ. ಮೈದಾನದ ಕೆಂಪು ಧೂಳು ಜಿಪ್ಪಿಗೆ ಸೇರಿ ಏಳನೆಯ ತಿಂಗಳಿಗೆ ಹಲ್ಲು ಬಿಟ್ಟಿತು, ಈಗ ದಾರ ಕಟ್ಟಿ ಒಯ್ಯುತ್ತೇನೆ. ಮಾರ್ಕರ್ ಮೂರು ವಾರವೂ ಬರಲಿಲ್ಲ. ಬಿಲ್ಲೆಗಳು ಮಾತ್ರ ಹನ್ನೊಂದೂ ಗಟ್ಟಿಯಾಗಿವೆ.

ಹೊಸದಾಗಿ ತಂಡ ಕಟ್ಟುತ್ತಿರುವ ಶಿಕ್ಷಕರಿಗೆ ಇದನ್ನು ಕೊಳ್ಳಿರೆಂದೇ ಹೇಳುತ್ತೇನೆ, ಆದರೆ ಅಂಗಡಿಯಲ್ಲಿಯೇ ಬಿಚ್ಚಿಸಿ ಬುಟ್ಟಿಯ ಮುಂದಿನ ಜಾಗ ಆಯತವಾಗಿದೆಯೇ ಎಂದು ನೋಡಿದ ಮೇಲೆ ಹಣ ಕೊಡಿ. ಚಿಕ್ಕದು ಅಗ್ಗವೆಂದು ತರಬೇಡಿ. ಅದರಲ್ಲಿ ಐದಾರು ಮಕ್ಕಳು ಸುತ್ತ ಕುಳಿತಾಗ ಹಿಂದಿನವರಿಗೆ ಏನೂ ಕಾಣುವುದಿಲ್ಲ. 850 ರೂಪಾಯಿ ಹೊಂದಿಸಲು ಶಾಲೆಗೆ ಕಷ್ಟವಾದರೆ ನಮ್ಮ ಮಕ್ಕಳು ಮಾಡಿದ ಉಪಾಯವಿದೆ: ರಜೆಯಲ್ಲಿ ಬೋರ್ಡು ಶಾಲೆಯ ಬೀರುವಿನಲ್ಲಿ ಉಳಿದಾಗ, ಇಬ್ಬರು ಹುಡುಗಿಯರು ಮನೆಯಂಗಳದಲ್ಲಿ ಸೀಮೆಸುಣ್ಣದಿಂದ ಅಂಕಣ ಬರೆದು, ಸೋಡಾ ಬಾಟಲಿಯ ಮುಚ್ಚಳಗಳನ್ನು ತಮ್ಮ ಕಡೆಗೂ ಹುಣಸೆ ಬೀಜಗಳನ್ನು ಎದುರಾಳಿಗಳ ಕಡೆಗೂ ಇಟ್ಟು ಅಭ್ಯಾಸ ಮಾಡಿದ್ದರು. ಅವರು ಬರೆದ ಅಂಕಣದಲ್ಲಿ ಬುಟ್ಟಿಯ ಮುಂದಿನ ಜಾಗ ಸರಿಯಾಗಿ ಆಯತವಾಗಿತ್ತು.