ಅಮ್ಮನ ಕಾಲುಂಗುರ ತೆಗೆಸಿ ನೋಡಿದ ಪಾದ ಚಿಕಿತ್ಸಾಲಯ

ನನ್ನ ತಾಯಿಗೆ ಮಧುಮೇಹ ಬಂದು 17 ವರ್ಷಗಳಾದವು. ಸಕ್ಕರೆಯ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ತಪ್ಪದೆ ನೋಡಿಸುತ್ತಾ ಬಂದಿದ್ದೇವೆ; ಆದರೆ ಈ ಹಿಂದೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಅವರ ಚಪ್ಪಲಿ ಬಿಡಿಸಿ ಪಾದ ನೋಡಿದವರು ಒಬ್ಬರೂ ಇರಲಿಲ್ಲ. ಕಳೆದ ತಿಂಗಳು ಅವರನ್ನು ಮೈಸೂರಿನ ಪಾದ ಚಿಕಿತ್ಸಾಲಯವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಮಧುಮೇಹವಿರುವ ಹಿರಿಯರಿದ್ದವರಿಗೆ ಉಪಯೋಗವಾಗಲೆಂದು ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ವೈದ್ಯೆ ಮೊದಲು ಚಪ್ಪಲಿಯನ್ನು ಕೈಗೆತ್ತಿಕೊಂಡು, ಅದರ ಮೇಲೆಲ್ಲ ಬೆರಳಾಡಿಸಿ, ಹೆಬ್ಬೆರಳಿನ ಬುಡ ಊರುವ ಕಡೆ ಅಟ್ಟೆ ಹೆಚ್ಚು ಸವೆದಿರುವುದನ್ನು ತೋರಿಸಿದರು. ಅಮ್ಮನ ಎಡಪಾದದಲ್ಲಿಯೂ ಅದೇ ಜಾಗದ ಚರ್ಮ ಜಡ್ಡುಗಟ್ಟಿತ್ತು. ಬಳಿಕ ಮಂಡಿಯನ್ನು ನೇರವಾಗಿ ಚಾಚಿಸಿ ಪಾದವನ್ನು ಮೇಲಕ್ಕೆ ಬಾಗಿಸಿದಾಗ ಅದು ಬಾಗಲಿಲ್ಲ. ಮಂಡಿ ಮಡಿಸಿ ಅದನ್ನೇ ಮಾಡಿದಾಗ ಸಲೀಸಾಗಿ ಬಾಗಿತು. ಬಿಗಿತವಿರುವುದು ಮೀನಖಂಡದ ಸ್ನಾಯುವಿನಲ್ಲಿ, ಅದರಿಂದಾಗಿ ನಡೆಯುವಾಗ ಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತಿದೆ, ಜಡ್ಡು ಕಟ್ಟಲು ಇದೂ ಒಂದು ಕಾರಣ ಎಂದು ಅವರು ವಿವರಿಸಿದ ಮೇಲೆಯೇ ಕಣಕಾಲಿಗೂ ಅಂಗಾಲಿಗೂ ಇರುವ ಸಂಬಂಧ ನನಗೆ ಅರ್ಥವಾದದ್ದು.

ಕಾಲುಂಗುರ ತೆಗೆಯಬೇಕೆಂದಾಗ ಅಮ್ಮ ಒಪ್ಪಲಿಲ್ಲ. "ಮದುವೆಯಾದಾಗಿನಿಂದ ಬಿಚ್ಚಿಲ್ಲಮ್ಮ," ಎಂದರು. ವೈದ್ಯೆ ಅವಸರಪಡಿಸದೆ, ಕನ್ನಡಿ ಹಿಡಿದು ಬೆರಳಿನ ಅಡಿಭಾಗವನ್ನು ತೋರಿಸಿದರು. ಉಂಗುರ ಒತ್ತಿದ ಗೆರೆಯಲ್ಲಿ ಅಕ್ಕಿಕಾಳಿನಷ್ಟು ಚರ್ಮ ಸುಲಿದು ಕೆಂಪಾಗಿತ್ತು. ಅಮ್ಮನಿಗೆ ಅದರ ನೋವೇ ತಿಳಿದಿರಲಿಲ್ಲ. "ಗಾಯ ಮಾಯುವ ತನಕ ದೇವರ ಮುಂದೆ ಇಟ್ಟಿರಿ ಅಮ್ಮಾ," ಎಂದು ಹೇಳಿ, ಸೋಪಿನ ನೀರು ಹಚ್ಚಿ ತಾವೇ ನಿಧಾನವಾಗಿ ಕಳಚಿದರು. ಆ ತಾಳ್ಮೆಗೆ ನಾನು ಋಣಿ.

ನೋವೇಕೆ ತಿಳಿಯಲಿಲ್ಲ ಎಂಬುದಕ್ಕೆ ಉತ್ತರ, ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಮೋನೋಫಿಲಮೆಂಟ್ ಪರೀಕ್ಷೆಯಲ್ಲಿ ಸಿಕ್ಕಿತು. ಮೋನೋಫಿಲಮೆಂಟ್ ಎಂದರೆ ನೈಲಾನಿನ ಒಂದು ಎಳೆ. ಚರ್ಮಕ್ಕೆ ಒತ್ತಿದಾಗ ಬಿಲ್ಲಿನಂತೆ ಬಾಗಿದರೆ 10 ಗ್ರಾಂ ಒತ್ತಡ ಬಿದ್ದಿದೆ ಎಂದರ್ಥ. ಸ್ಪರ್ಶ ಹೇಗಿರುತ್ತದೆಂದು ಮೊದಲು ಕೈಯ ಮೇಲೆ ತೋರಿಸಿ, ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಜಡ್ಡುಗಟ್ಟಿದ ಜಾಗವನ್ನು ಬಿಟ್ಟು ಪಕ್ಕದಲ್ಲಿ ಒತ್ತಿದರು. ಎಡಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಎಳೆ ಮೂರು ಸಲ ಬಾಗಿದರೂ ಅಮ್ಮ ಸುಮ್ಮನೆ ಕಾಯುತ್ತಲೇ ಕುಳಿತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ತಟ್ಟಿದರೆ ಕಂಪಿಸುವ ಲೋಹದ ಕವಲುಕಡ್ಡಿ, ಅಂದರೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕಿನ ಕಂಪನವೂ ಆ ಬೆರಳಿಗೆ ತಿಳಿಯಲಿಲ್ಲ.

ಪಾದದ ಮೇಲ್ಭಾಗದ ಮತ್ತು ಒಳಹರಡಿನ ಹಿಂದಿನ ನಾಡಿಗಳೆರಡೂ ಕೈಗೆ ಸಿಕ್ಕವು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಿದ ಅನುಪಾತ 1.1 ಬಂದಿತು, 0.9ಕ್ಕಿಂತ ಕಡಿಮೆಯಾದರೆ ರಕ್ತಸಂಚಾರ ಕುಗ್ಗಿದೆ ಎಂದು ತಿಳಿಯಬೇಕಂತೆ. ಮಧುಮೇಹಿಗಳ ರಕ್ತನಾಳ ಗಡುಸಾಗಿ ಈ ಅಂಕಿ ಸುಳ್ಳಾಗಿ ಏರುವುದೂ ಉಂಟು ಎಂದು ಎಚ್ಚರಿಸಿ, ಕಾಲ್ಬೆರಳಿನ ಒತ್ತಡವನ್ನೂ ಅಳೆದು ನೋಡಿದರು.

ಕೊರತೆಗಳನ್ನೂ ಹೇಳಬೇಕು. ಪಾದದ ರೋಗಿಗಳೇ ಬರುವ ಈ ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ದಿನವೂ ಪಾದ ನೋಡಿಕೊಳ್ಳಬೇಕಾದ ಅಮ್ಮನಿಗೆ ಅದನ್ನು ಓದಲು ಬಾರದು. ಕೇಳಿದ ಮೇಲೆ ಸಹಾಯಕಿ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಕೈಬರಹದಲ್ಲಿ ಬರೆದುಕೊಟ್ಟರು. ಪರೀಕ್ಷೆಗೆ ಹಿಡಿದದ್ದು ಸುಮಾರು 40 ನಿಮಿಷ, ಶುಲ್ಕ 700 ರೂಪಾಯಿ. ಮೂರು ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ; ದಿನ ಗೊತ್ತು ಮಾಡಿಕೊಂಡೇ ಬಂದಿದ್ದೇವೆ.